18 ಅಡಿ ಅಗಲದ ಕೋಣೆಯಲ್ಲಿ ರಸಾಯನಶಾಸ್ತ್ರವನ್ನು ಹೇಗೆ ಕೂರಿಸುವುದು?

ಬಾಟಲಿ ತೊಳೆದವನು, ದಾವಣಗೆರೆ
ಶನಿವಾರ, ರಾತ್ರಿ 9:20

ಮೊದಲೇ ಹೇಳಿಬಿಡುತ್ತೇನೆ, ನಾನು ಮೇಷ್ಟರಲ್ಲ. ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 31 ವರ್ಷ ಅಟೆಂಡರ್ ಆಗಿದ್ದವನು. ಪಾಠ ಮಾಡಿದವರು ಬೇರೆ. ಪಾಠ ಮುಗಿದ ಮೇಲೆ ಬ್ಯುರೆಟ್ಟು ತೊಳೆದು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸಿದವನು ನಾನು. ಲವಣ ಪರೀಕ್ಷೆಯ ದಿನ ಯಾವ ಹುಡುಗನ ಪೊಟ್ಟಣದಲ್ಲಿ ಯಾವ ಲವಣವಿದೆ ಎಂಬುದು ಪ್ರಾಂಶುಪಾಲರಿಗೂ ತಿಳಿದಿರುತ್ತಿರಲಿಲ್ಲ, ನನಗೆ ತಿಳಿದಿರುತ್ತಿತ್ತು. ಆ ಒಂದು ದಿನ ನನಗೆ ಬೀಳುತ್ತಿದ್ದಷ್ಟು ನಮಸ್ಕಾರ ಊರಿನ ಶಾಸಕರಿಗೂ ಬಿದ್ದಿರಲಾರದು.

ಈಗ ನಿವೃತ್ತ. ನಮ್ಮ ಬಡಾವಣೆಯ ನಾಲ್ಕಾರು ಜನ ಸೇರಿ, ಖಾಲಿ ಬಿದ್ದಿದ್ದ ಹಳೆಯ ಕಟ್ಟಡದಲ್ಲಿ ಒಂದು ಪುಟ್ಟ ವಿಜ್ಞಾನ ಸಂಗ್ರಹಾಲಯ ಮಾಡಲು ಹೊರಟಿದ್ದಾರೆ. ಭೌತಶಾಸ್ತ್ರದ ಕೋಣೆಗೆ ನಾಲ್ವರು ಮುಂದೆ ಬಂದರು, ಜೀವಶಾಸ್ತ್ರಕ್ಕೆ ಇಬ್ಬರು. ರಸಾಯನಶಾಸ್ತ್ರದ ಮಾತು ಬಂದಾಗ ಎಲ್ಲರೂ ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡಿದರು. ಹಾಗಾಗಿ ಅದು ನನ್ನ ಪಾಲಿಗೆ ಬಂತು. 18 ಅಡಿ ಅಗಲ, 24 ಅಡಿ ಉದ್ದ, ಒಂದು ಸಿಂಕು, ಎರಡು ಕಿಟಕಿ.

ಭೌತಶಾಸ್ತ್ರದವರು ಲೋಲಕವೊಂದನ್ನು ನೇತುಹಾಕಿ ಮನೆಗೆ ಹೋಗಿ ಮಲಗಬಹುದು. ಅದು ಇವತ್ತೂ ತೂಗುತ್ತದೆ, ನಾಳೆಯೂ ತೂಗುತ್ತದೆ, ಸಾವಿರ ಮಕ್ಕಳು ತೂಗಿದರೂ ಮುಗಿಯುವುದಿಲ್ಲ. ನನ್ನ ಕೋಣೆಯಲ್ಲಿ ಒಮ್ಮೆ ಬೆರೆತದ್ದು ಬೆರೆಯಿತು; ಮುಂದಿನ ಮಗುವಿಗೆ ಹೊಸದು ಬೇಕು. ಒಬ್ಬರಿಗೆ 5 ಮಿಲಿಲೀಟರ್ ಎಂದರೂ 300 ಜನ ಬಂದ ದಿನ ಒಂದೂವರೆ ಲೀಟರ್ ದ್ರಾವಣ, 300 ಪ್ರನಾಳ, ಅವನ್ನು ತೊಳೆಯಲು ಇಬ್ಬರು. ಆ ಇಬ್ಬರಲ್ಲಿ ಒಬ್ಬ ನಾನು, ಇನ್ನೊಬ್ಬ ಇನ್ನೂ ಸಿಗಬೇಕು.

ಬೇರೆ ಕಡೆ ಹೇಗೆ ಮಾಡಿದ್ದಾರೆ ನೋಡೋಣವೆಂದು ಮೊಮ್ಮಗನನ್ನು ಕರೆದುಕೊಂಡು ದೂರದ ಊರಿನ ಒಂದು ಸಂಗ್ರಹಾಲಯಕ್ಕೆ ಬಸ್ಸಿನಲ್ಲಿ ಹೋಗಿದ್ದೆ. ಹೆಸರು ಬೇಡ. ರಸಾಯನಶಾಸ್ತ್ರದ ವಿಭಾಗದಲ್ಲಿ ಗೋಡೆಯ ತುಂಬ ಆವರ್ತಕೋಷ್ಟಕ, ಅದರ ಬಲ್ಬುಗಳಲ್ಲಿ ಅರ್ಧ ಕಣ್ಣು ಮುಚ್ಚಿದ್ದವು. ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯುವ ಯಂತ್ರಕ್ಕೆ ಒಂದು ಗುಂಡಿ, ಗುಂಡಿಯ ಮೇಲೆ 'ದುರಸ್ತಿಯಲ್ಲಿದೆ' ಎಂಬ ಕಾಗದ. ಆ ಕಾಗದವೂ ಹಳದಿ ತಿರುಗಿತ್ತು. ಮೊಮ್ಮಗ ಕೇಳಿದ, "ತಾತ, ಕಾಗದ ಹಳದಿಯಾಗುವುದು ರಾಸಾಯನಿಕ ಕ್ರಿಯೆಯೇ?" ಹೌದು ಎಂದೆ. ಇಡೀ ವಿಭಾಗದಲ್ಲಿ ಕೆಟ್ಟು ನಿಲ್ಲದೆ ಕೆಲಸ ಮಾಡುತ್ತಿದ್ದ ಪ್ರದರ್ಶಿಕೆ ಅದೊಂದೇ.

ಇನ್ನು ನಡೆದದ್ದು ಹೇಳುತ್ತೇನೆ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಕಾಂಪೌಂಡಿನಲ್ಲಿ ಎರಡು ಬೆಂಚು ಹಾಕಿದ್ದೆ. ಮೊದಲನೆಯದರಲ್ಲಿ ನನ್ನ ಕೈಚಳಕವೆಲ್ಲ ಇತ್ತು: ಪ್ರನಾಳದೊಳಗೆ ಮೂಡಿಸಿದ ಬೆಳ್ಳಿ ಕನ್ನಡಿ, ನೈಟ್ರೇಟಿನ ಕಂದು ಉಂಗುರ, ಸಾಲಾಗಿ ಹತ್ತು ಬಣ್ಣದ ಬಾಟಲಿಗಳು. ಎರಡನೆಯದು ಖಾಲಿ ಕಾಣಬಾರದೆಂದು ಒಂದು ಸ್ಟೀಲ್ ತಟ್ಟೆಯಲ್ಲಿ ಅರಿಸಿನದ ನೀರು, ಒಂದಿಷ್ಟು ಸುಣ್ಣ, ಅರ್ಧ ಹೋಳು ನಿಂಬೆಹಣ್ಣು ಇಟ್ಟಿದ್ದೆ. ಅಷ್ಟೇ.

ಮೊದಲ ಬೆಂಚಿನ ಮುಂದೆ ಜನ ತೇರಿಗೆ ದೂರದಿಂದ ಕೈಮುಗಿಯುವವರ ಹಾಗೆ ನಿಂತು ಮುಂದೆ ಹೋದರು. ಬೆಳ್ಳಿ ಕನ್ನಡಿಯಲ್ಲಿ ಒಬ್ಬರು ಮೀಸೆ ತಿದ್ದಿಕೊಂಡರು. ಎರಡನೆಯದರ ಬಳಿ ಒಬ್ಬ ಅಜ್ಜಿ ನಿಂತಳು. ನಾನು ಸುಣ್ಣ ಬೆರೆಸಿ ಕೆಂಪು ಮಾಡಿದೆ. "ಇದು ಆರತಿ ನೀರಲ್ಲವೇ? ಸುಣ್ಣ ಹೆಚ್ಚಾಯಿತು, ಇಷ್ಟು ಕಪ್ಪಡರಬಾರದು" ಎಂದು ತಟ್ಟೆಯನ್ನು ನನ್ನ ಕೈಯಿಂದ ಕಸಿದುಕೊಂಡು ಚೆಲ್ಲಿ, ಹೊಸ ಅರಿಸಿನ ಕಲಸಿ, ಸಾಸಿವೆಕಾಳಿನಷ್ಟು ಸುಣ್ಣವನ್ನು ಉಂಗುರ ಬೆರಳಿನ ತುದಿಯಲ್ಲಿ ತೆಗೆದು ಬೆರೆಸಿದಳು. ಹಸೆಮಣೆಯ ಮುಂದೆ ಎತ್ತುವ ಕೆಂಪು ಬಂತು. ನಾನು ಅದಕ್ಕೆ ನಿಂಬೆಹುಳಿ ಹಿಂಡಿದೆ. ಹಳದಿ! ಅಜ್ಜಿ "ಶಿವನೇ" ಎಂದು ಒಂದು ಹೆಜ್ಜೆ ಹಿಂದೆ ಸರಿದಳು. "ಮದುವೆಯಾದಾಗಿನಿಂದ ಆರತಿ ಎತ್ತಿದ್ದೇನೆ. ಇದು ಹಿಂದಕ್ಕೆ ಹೋಗುತ್ತದೆಂದು ಒಬ್ಬರೂ ಹೇಳಲಿಲ್ಲ." ಮತ್ತೆ ಸುಣ್ಣ, ಮತ್ತೆ ನಿಂಬೆ. ಇಪ್ಪತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಅವಳ ಹಿಂದೆ ಸಾಲು ಬೆಳೆಯಿತು.

ನನ್ನ ಗೊಂದಲ ಇದು. ಇಡೀ ಕೋಣೆಯನ್ನು ಆ ಎರಡನೆಯ ಬೆಂಚಿನ ಹಾಗೆಯೇ ಮಾಡಿದರೆ ಅದು ಸಂಗ್ರಹಾಲಯವೇ, ಅಡುಗೆಮನೆಯೇ? ಒಬ್ಬ ಮುದುಕ ಮತ್ತು ಒಂದು ಸಿಂಕಿನಿಂದ ಸಾಗುವಂಥದ್ದು ಏನಿದೆ? ತಿಳಿದವರು ಹೇಳಿ.

ಕಿಟಕಿ ಪಕ್ಕದ ಸೀಟು, ಹರಿಹರ
ಶನಿವಾರ, ರಾತ್ರಿ 11:05

ಬೆಂಗಳೂರಿನ ಸಂಗ್ರಹಾಲಯವೊಂದರಲ್ಲಿ 4 ವರ್ಷ ವಿವರಣೆಗಾರ್ತಿಯಾಗಿದ್ದೆ. ದಿನಕ್ಕೆ ನೂರು ಸಲ "ಮುಟ್ಟಬಹುದೇ ಮೇಡಂ?" ಎಂಬ ಪ್ರಶ್ನೆ ಕೇಳಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಗುಂಡಿ ಒತ್ತಿದರೆ ಗಾಜಿನ ಹಿಂದೆ ಕ್ರಿಯೆ ನಡೆಯುವ ಏರ್ಪಾಡು ಹಳೆಯದು. 1903ರಲ್ಲಿ ಆಸ್ಕರ್ ಫಾನ್ ಮಿಲ್ಲರ್ ಸ್ಥಾಪಿಸಿದ ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಂ ಇದಕ್ಕೆ ಹೆಸರುವಾಸಿ. ಆದರೆ ಗಾಜಿನ ಹಿಂದೆ ದ್ರಾವಣ ತುಂಬುವ, ಕೊಳವೆ ತೊಳೆಯುವ, ಕವಾಟ ಬದಲಿಸುವ ಜನ ಬೇಕು. ನಮ್ಮಲ್ಲಿ ಗುಂಡಿಗೆ ಹಣ ಬರುತ್ತದೆ, ಆ ಜನರಿಗೆ ಬರುವುದಿಲ್ಲ. ನೀವು ನೋಡಿದ ಹಳದಿ ಕಾಗದದ ಕಥೆ ಅಷ್ಟೇ. ನಿಮ್ಮಲ್ಲಿ ಗುಂಡಿ ಇಲ್ಲ, ತೊಳೆಯುವವರು ಇದ್ದೀರಿ. ಅದನ್ನು ಕೊರತೆ ಎಂದುಕೊಳ್ಳಬೇಡಿ.

ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2015ರಲ್ಲಿ ಅಲ್ಲಿನ ಜನರ ಮನಸ್ಸನ್ನು ಕುರಿತು ಒಂದು ಅಧ್ಯಯನ ಹೊರತಂದಿತು. ಜನರಿಗೆ ನಮ್ಮ ವಿಷಯವೆಂದರೆ ಭಯ ಎಂದು ರಸಾಯನವಿಜ್ಞಾನಿಗಳು ತಿಳಿದಿದ್ದರು. ನೋಡಿದರೆ ಜನರಿಗೆ ಅಂಥ ಭಯವೂ ಇಲ್ಲ, ಸಿಟ್ಟೂ ಇಲ್ಲ. ಬಹುಮಂದಿಗೆ ಅದು ತಮಗೆ ಸಂಬಂಧಿಸಿದ್ದೇ ಅಲ್ಲ. 'ಕೆಮಿಸ್ಟ್' ಎಂದರೆ ಅವರ ಕಣ್ಣಿಗೆ ಬರುವುದು ಔಷಧದ ಅಂಗಡಿಯವನು. ನಮ್ಮ ಊರಿನ ಮೆಡಿಕಲ್ ಅಂಗಡಿಗಳ ಫಲಕವನ್ನು ನೋಡಿದರೆ ನಮಗೂ ಬೇರೇನು ತೋಚೀತು?

ನಿಮ್ಮ ಅಜ್ಜಿ ಬಣ್ಣ ನೋಡಿ ನಿಲ್ಲಲಿಲ್ಲ ಸಾರ್. ಬಣ್ಣ ನಿಮ್ಮ ಮೊದಲ ಬೆಂಚಿನಲ್ಲೂ ಇತ್ತು. ನೀವು ತಪ್ಪು ಮಾಡಿದ್ದು ಅವಳಿಗೆ ಗೊತ್ತಾಯಿತು, ಅದಕ್ಕೆ ನಿಂತಳು. ತಿದ್ದಲು ಅವಳ ಬಳಿ ಏನೋ ಇತ್ತು. ಅಮೆರಿಕದ ಸಂಗ್ರಹಾಲಯಗಳಿಗೆ 2018ರ ಸುಮಾರಿಗೆ 'ಲೆಟ್ಸ್ ಡು ಕೆಮಿಸ್ಟ್ರಿ' ಎಂಬ ಪೆಟ್ಟಿಗೆಗಳನ್ನು ಹಂಚಿದರು. ಅವನ್ನು ರೂಪಿಸಿದವರು ಮೂರೇ ವಿಷಯ ಹಿಡಿದುಕೊಂಡಿದ್ದರು: ಕುತೂಹಲ, ಇದು ನನ್ನ ಬದುಕಿಗೆ ಸೇರಿದ್ದು ಎಂಬ ಭಾವ, ಮತ್ತು ಇದು ನನ್ನ ಕೈಯಿಂದಲೂ ಆಗುತ್ತದೆ ಎಂಬ ಧೈರ್ಯ. ನಾವು ಮೊದಲನೆಯದರ ಬೆನ್ನು ಹತ್ತಿ ಪಟಾಕಿ, ಹೊಗೆ, ನೊರೆ ಎಂದು ಸಾಯುತ್ತೇವೆ. ಅಜ್ಜಿಗೆ ಎರಡನೆಯದೂ ಮೂರನೆಯದೂ ಮನೆಯಿಂದಲೇ ಬಂದಿದ್ದವು.

ಒಂದೂವರೆ ಲೀಟರಿನ ಚಿಂತೆ ಬಿಡಿ. ಪ್ರನಾಳ ಬೇಡವೇ ಬೇಡ. ಪಡ್ಡಿನ ಕಾವಲಿಯ ಆಕಾರದ, ಗುಳಿಗಳಿರುವ ಬಿಳಿ ತಟ್ಟೆ ಮತ್ತು ಡ್ರಾಪರ್ ಸಾಕು. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ಒಬ್ಬರಿಗೆ 10 ಹನಿಯಂತೆ 300 ಜನಕ್ಕೆ 150 ಮಿಲಿಲೀಟರ್, ಒಂದು ಕಾಫಿ ಲೋಟ. ತಟ್ಟೆಯನ್ನು ಅವರೇ ತೊಳೆದಿಟ್ಟು ಹೋಗಲಿ. ಮಕ್ಕಳಿಗೆ ನೀರಾಟವೂ ಆಯಿತು.

ಒಂದು ಎಚ್ಚರಿಕೆ. ಸುಣ್ಣದ ಉಂಡೆಯನ್ನು ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅನಾಹುತ. ಸೋಸಿದ ತಿಳಿ ಸುಣ್ಣದ ನೀರು, ಅದೂ ಡ್ರಾಪರಿನಲ್ಲಿ. ಮಕ್ಕಳ ಅಳತೆಯ ಸುರಕ್ಷಾ ಕನ್ನಡಕ ತರಿಸಿ. ಎಷ್ಟೋ ಮಕ್ಕಳಿಗೆ ಆ ಕನ್ನಡಕವೇ ಇಡೀ ದಿನದ ಅತ್ಯುತ್ತಮ ಪ್ರದರ್ಶಿಕೆ.

ಏಳುಸುತ್ತಿನವನು, ಚಿತ್ರದುರ್ಗ
ಭಾನುವಾರ, ಬೆಳಿಗ್ಗೆ 6:40

ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದವನು. ಅಜ್ಜಿಯ ಕಥೆ ಚೆನ್ನಾಗಿದೆ, ಹರಿಹರದವರ ಹನಿ ಲೆಕ್ಕ ಅದಕ್ಕಿಂತ ಚೆನ್ನಾಗಿದೆ. ಆದರೂ ನನಗೆ ಸಮಾಧಾನವಿಲ್ಲ.

ಹಳದಿ ಕೆಂಪಾಯಿತು, ಕೆಂಪು ಹಳದಿಯಾಯಿತು, ಚಪ್ಪಾಳೆ ಬಿತ್ತು. ಆಮೇಲೆ? ಜಾತ್ರೆಯ ಗಾರುಡಿಗನೂ ಇದನ್ನೇ ಮಾಡುತ್ತಾನೆ, ನಿಮಗಿಂತ ಹೆಚ್ಚು ಕಾಸು ಎಣಿಸಿಕೊಳ್ಳುತ್ತಾನೆ. ರಸಾಯನಶಾಸ್ತ್ರವನ್ನು ಕಲಿಸುವ ಬಗೆಯನ್ನು ಅಧ್ಯಯನ ಮಾಡಿದ ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟನ್ 1991ರಲ್ಲಿ ಹೇಳಿದ ಮಾತೊಂದಿದೆ: ರಸಾಯನಶಾಸ್ತ್ರ ಮೂರು ಮಟ್ಟದಲ್ಲಿ ನಡೆಯುತ್ತದೆ. ಕಣ್ಣಿಗೆ ಕಾಣುವುದು, ಕಣ್ಣಿಗೆ ಕಾಣದ ಕಣಗಳು, ಹಲಗೆಯ ಮೇಲಿನ ಸಂಕೇತಗಳು. ನಾವು ಮೇಷ್ಟರುಗಳು ಒಂದೇ ಉಸಿರಿನಲ್ಲಿ ಮೂರರ ನಡುವೆ ಜಿಗಿಯುತ್ತೇವೆ, ಕೇಳುವವನು ಮಧ್ಯದಲ್ಲೇ ಬೀಳುತ್ತಾನೆ. ಈ ತಪ್ಪನ್ನು ನಾನೂ ಬಹಳ ವರ್ಷ ಮಾಡಿದ್ದೇನೆ. ಆದರೆ ನೀವು ಮಾಡಹೊರಟಿರುವುದು ಅದರ ತಿರುವು: ಮೊದಲ ಮೆಟ್ಟಿಲಲ್ಲೇ ಚಾಪೆ ಹಾಸಿ ಕುಳಿತುಬಿಡುವುದು. ಪರಮಾಣು ಎಲ್ಲಿ? ಅರಿಸಿನದಲ್ಲಿರುವ ಕುರ್ಕುಮಿನ್ ಕ್ಷಾರದಲ್ಲಿ ಹೈಡ್ರೋಜನ್ ಕಳೆದುಕೊಳ್ಳುತ್ತದೆ, ಆಮ್ಲ ಬಂದಾಗ ಮರಳಿ ಪಡೆಯುತ್ತದೆ ಎಂಬುದನ್ನು ಎಲ್ಲಿ ತೋರಿಸುತ್ತೀರಿ?

ನಮ್ಮ ಕಡೆಯ ಸಾಮಗ್ರಿ ಬೇಕಾದರೆ ಕೊಡುತ್ತೇನೆ. ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳಿವೆ, ಹೊಂಡದೊಳಗೆ. ಪೆಟ್ಲುಪ್ಪು, ಗಂಧಕ, ಇದ್ದಿಲು. ಮೂರನ್ನೂ ಮೂರು ಬೀಗದ ಪೆಟ್ಟಿಗೆಯಲ್ಲಿಟ್ಟು ನಡುವೆ ಆ ಕಲ್ಲಿನ ಚಿತ್ರ ಹಾಕಿ, ಬೆರೆಸುವ ಮಾತು ಬೇಡ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. 1800-01ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಬ್ರಿಟಿಷ್ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಅಲ್ಲಿನ ಗಾಜಿನ ಕೆಲಸವನ್ನು ಬರೆದಿಟ್ಟಿದ್ದಾನೆ. ಗಾಜಿಗೆ ಕಬ್ಬಿಣ ಸೇರಿದರೆ ಹಸಿರು, ಕೋಬಾಲ್ಟ್ ಸೇರಿದರೆ ನೀಲಿ, ತಾಮ್ರವಾದರೆ ಕುಲುಮೆಯ ಗಾಳಿಗೆ ತಕ್ಕಂತೆ ಹಸಿರು ನೀಲಿಯೂ ಆದೀತು, ಕೆಂಪೂ ಆದೀತು. ಕಿಟಕಿಗೆ ಬಳೆ ಕಟ್ಟಿ, ಬೆಳಕು ಬರಲಿ. ತೊಳೆಯುವ ಕೆಲಸವೂ ಇಲ್ಲ. ಇಂಗಳದಾಳಿನ ತಾಮ್ರದ ಅದಿರಿನ ತುಣುಕೊಂದು ನನ್ನ ಮೇಜಿನ ಮೇಲಿದೆ. ಚಾಲ್ಕೋಪೈರೈಟ್, ತಾಮ್ರ ಕಬ್ಬಿಣ ಗಂಧಕ ಮೂರೂ ಒಂದೇ ಕಲ್ಲಿನಲ್ಲಿ. ಅದನ್ನೂ ಕೊಡುತ್ತೇನೆ.

ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಪುಸ್ತಕದ ಮಾತಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಲಿ, ಬೇರೆ ದಾರಿ ಇಲ್ಲದಿದ್ದರೆ 1.5 ದಾಟಬಾರದು ಎಂಬುದು ನಮ್ಮ ದೇಶದ ಮಾನಕ. ಜನ ತಮ್ಮ ಕೊಳವೆಬಾವಿಯ ನೀರನ್ನು ಬಾಟಲಿಯಲ್ಲಿ ತರಲಿ. ಜಿರ್ಕೋನಿಯಂ ಅಲಿಜರಿನ್ ದ್ರಾವಣದ ಕೆಂಪು ಫ್ಲೋರೈಡ್ ತಗುಲಿದಷ್ಟೂ ಹಳದಿಯತ್ತ ಮಾಸುತ್ತದೆ. ಅಂಥ ಬಣ್ಣ ಬದಲಾವಣೆಗೆ ನಾನು ಚಪ್ಪಾಳೆ ತಟ್ಟುತ್ತೇನೆ.

ಮಂಡಕ್ಕಿ ಹೊಗೆ, ದಾವಣಗೆರೆ
ಭಾನುವಾರ, ಬೆಳಿಗ್ಗೆ 8:15

ದಾವಣಗೆರೆಯಲ್ಲಿ ಸಂಗ್ರಹಾಲಯ ಮಾಡಿ ಮಂಡಕ್ಕಿ ಬಿಟ್ಟರೆ ಹೇಗೆ? ನಮ್ಮದು ಮೂರು ತಲೆಮಾರಿನ ಭಟ್ಟಿ. ಭತ್ತ ನೆನೆಸಿ ಬೇಯಿಸಿ ಒಣಗಿಸಿ ಅಕ್ಕಿ ಮಾಡುತ್ತೇವೆ, ಉಪ್ಪುನೀರು ಕುಡಿಸಿ ಹುರಿಯುತ್ತೇವೆ, ಕೊನೆಗೆ ಕಾದ ಮರಳಿಗೆ ಹಾಕಿದರೆ ನಾಲ್ಕೆಣಿಸುವಷ್ಟರಲ್ಲಿ ಅರಳುತ್ತದೆ. ಮರಳಿನ ಹದ ನಮ್ಮ ತಂದೆ ಅಂಗೈಯನ್ನು ಮೇಲೆ ಹಿಡಿದು ಹೇಳುತ್ತಿದ್ದರು. ಒಂದು ಬಾಣಲೆ ನಾನೇ ತಂದುಕೊಡುತ್ತೇನೆ.

ಏಳುಸುತ್ತಿನವನು, ಚಿತ್ರದುರ್ಗ
ಭಾನುವಾರ, ಬೆಳಿಗ್ಗೆ 8:50

ಮಂಡಕ್ಕಿ ಅರಳುವುದು ಒಳಗಿನ ನೀರು ಆವಿಯಾಗಿ ಪಿಷ್ಟವನ್ನು ಉಬ್ಬಿಸುವುದರಿಂದ. ಅದು ಭೌತಶಾಸ್ತ್ರದ ಕೋಣೆಗೆ ಹೋಗಲಿ, ಅವರೂ ಲೋಲಕ ಬಿಟ್ಟು ಏನಾದರೂ ಮಾಡಲಿ. ಬೆಣ್ಣೆದೋಸೆಯ ಕಂದುಬಣ್ಣ ಬೇಕಾದರೆ ನಮ್ಮದು: ಅಮೈನೋ ಆಮ್ಲಕ್ಕೂ ಸಕ್ಕರೆಗೂ ಬಿಸಿಯಲ್ಲಿ ಆಗುವ ಸಂಬಂಧ, 1912ರಲ್ಲಿ ಮಯ್ಯಾರ್ ಎಂಬ ಫ್ರೆಂಚ್ ವೈದ್ಯ ಗುರುತಿಸಿದ್ದು.

ದೋಟಿ, ಚನ್ನಗಿರಿ
ಭಾನುವಾರ, ಮಧ್ಯಾಹ್ನ 2:30

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅಡಿಕೆ ತೋಟದವನು. ಮೇಲಿನವರ ಹಾಗೆ ಬರೆಯಲು ಬರುವುದಿಲ್ಲ. ಆದರೆ ನಾವು ಒಂದು ಪರೀಕ್ಷೆ ಮಾಡುತ್ತೇವೆ, ಅದು ನಿಮಗೆ ಉಪಯೋಗವಾಗಬಹುದು.

ನಮ್ಮ ಮೈದಾನದ ತೋಟಕ್ಕೆ ಕೊಳೆರೋಗ ಅಷ್ಟಾಗಿ ಕಾಡದು. ತೀರ್ಥಹಳ್ಳಿ ಕಡೆ ನನ್ನ ಅತ್ತೆಯ ಮನೆ, ಅಲ್ಲಿ ಮಳೆಗಾಲ ಬಂತೆಂದರೆ ಬೋರ್ಡೋ ಔಷಧಿ ಹೊಡೆಯಲೇಬೇಕು. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ 50 ಲೀಟರಿಗೆ 1 ಕಿಲೋ ಸುಣ್ಣ. ಎರಡನ್ನೂ ಒಟ್ಟಿಗೆ ಮೂರನೆಯ ಡ್ರಮ್ಮಿಗೆ ಸುರಿಯಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದನ್ನು ತಿಂದುಹಾಕುತ್ತದೆ. ಬೆರೆತಾಗ ಬರುವ ನೀಲಿ ಮಳೆ ಬಿಟ್ಟ ಮರುದಿನದ ಆಕಾಶದ ಹಾಗಿರುತ್ತದೆ.

ಹದ ಸರಿಯಾಯಿತೋ ಇಲ್ಲವೋ ನೋಡಲು ಮಾವ ಸೊಂಟದ ಕತ್ತಿಯನ್ನು ಬಿಚ್ಚಿ, ಅಲಗನ್ನು ಕಲ್ಲಿಗೆ ಉಜ್ಜಿ, ಔಷಧಿಯಲ್ಲಿ ಒಂದು ಗಳಿಗೆ ಅದ್ದಿ ತೆಗೆಯುತ್ತಾರೆ. ಅಲಗು ಹಾಗೆಯೇ ಇದ್ದರೆ ಹೊಡೆಯಬಹುದು. ಕೆಂಪಡರಿದರೆ ಇನ್ನೂ ಸುಣ್ಣ ಬೇಕು ಎಂದು ಅರ್ಥ. ಹಾಗೆಯೇ ಹೊಡೆದರೆ ಗೊನೆ ಸುಡುತ್ತದೆ. ಆ ಕೆಂಪು ತುಕ್ಕಲ್ಲ, ತಾಮ್ರ. ಇದು ತರಬೇತಿಯಲ್ಲಿ ನನಗೆ ತಿಳಿದದ್ದು. ಮಾವನಿಗೆ ತರಬೇತಿ ಇಲ್ಲದೆಯೂ ತಿಳಿದಿತ್ತು, ಹೆಸರು ತಿಳಿದಿರಲಿಲ್ಲ.

ಅದೇ ತರಬೇತಿಯಲ್ಲಿ ಹೇಳಿದ ಇನ್ನೊಂದು ವಿಷಯ ಮರೆಯಲಾಗಿಲ್ಲ. ಫ್ರಾನ್ಸಿನ ಬೋರ್ಡೋ ಕಡೆ ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳಬಾರದೆಂದು ರೈತರು ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗ ಬರಲಿಲ್ಲ. ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕ ಅದನ್ನು ಗಮನಿಸಿ 1885ರಲ್ಲಿ ಔಷಧಿಯಾಗಿ ಪ್ರಕಟಿಸಿದ. ಕಳ್ಳರಿಂದಲೂ ಒಳ್ಳೆಯದಾಗುತ್ತದೆ.

ನಮ್ಮದೇ ಆದದ್ದು ಚೊಗರು. ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಗಂದು ನೀರು. ಪಂಚೆಗೆ ಬಿದ್ದರೆ ಪಂಚೆ ಹರಿದರೂ ಕಲೆ ಹೋಗದು. ಅದು ಕಬ್ಬಿಣಕ್ಕೆ ತಗುಲಿದ ಕಡೆ ಮಸಿಯ ಹಾಗೆ ಕಪ್ಪಾಗುತ್ತದೆ. ಬೇಕಿದ್ದರೆ ಒಂದು ಕ್ಯಾನ್ ಕಳಿಸುತ್ತೇನೆ.

ಬಾಟಲಿ ತೊಳೆದವನು, ದಾವಣಗೆರೆ
ಭಾನುವಾರ, ರಾತ್ರಿ 10:10

ದೋಟಿಯವರೇ, ನಿಮ್ಮ ಬರಹ ಓದಿ ಊಟದ ನಡುವೆ ಎದ್ದು ಹೋಗಿ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಮನೆಯವಳು ಬೈದಳು.

ಕಬ್ಬಿಣದ ಮೊಳೆಯನ್ನು ಮೈಲುತುತ್ತದಲ್ಲಿ ಅದ್ದುವುದನ್ನು ನಾನು 31 ವರ್ಷ ಮಕ್ಕಳಿಗೆ ಸಜ್ಜು ಮಾಡಿಕೊಟ್ಟಿದ್ದೇನೆ. ಅದೇ ಪ್ರಯೋಗವನ್ನು ಒಬ್ಬ ರೈತ ಸೊಂಟದ ಕತ್ತಿಯಿಂದ ಮಾಡುತ್ತಾನೆ, ಅದರ ಮೇಲೆ ಒಂದು ವರ್ಷದ ಫಸಲು ನಿಂತಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮ ಪ್ರಯೋಗದ ಪುಸ್ತಕದಲ್ಲಿ 'ಗುರಿ: ಸ್ಥಾನಪಲ್ಲಟ ಕ್ರಿಯೆಯನ್ನು ಅಭ್ಯಸಿಸುವುದು' ಎಂದಿರುತ್ತಿತ್ತು. ಯಾವ ಹುಡುಗನೂ ಆ ಸಾಲನ್ನು ಓದಿದ್ದನ್ನು ನಾನು ಕಂಡಿಲ್ಲ.

ನನಗೆ ಹೊಳೆದದ್ದು ಅಟೆಂಡರ್ ಬುದ್ಧಿಯದು. ಉಪಯೋಗಿಸಿದ ಮೈಲುತುತ್ತವನ್ನು ಸಿಂಕಿಗೆ ಬಿಡುವಂತಿಲ್ಲ. ಮೀನಿಗೆ, ಪಾಚಿಗೆ ವಿಷ. ಅದನ್ನು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಹಳೆಯ ಮೊಳೆಗಳ ಮೇಲೆ ಸುರಿದಿಟ್ಟರೆ ತಾಮ್ರವೆಲ್ಲ ಮೊಳೆಗಳ ಮೇಲೆ ಕೂತು, ಕಬ್ಬಿಣ ನೀರಿಗೆ ಇಳಿಯುತ್ತದೆ. ನೀಲಿ ಹೋಗಿ ತೆಳು ಹಸಿರು ಬರುತ್ತದೆ, ಅದು ಫೆರಸ್ ಸಲ್ಫೇಟ್. ಇಷ್ಟನ್ನು ಪ್ರಯೋಗಾಲಯದಲ್ಲಿಯೂ ಮಾಡುತ್ತಿದ್ದೆ. ಆದರೆ ಆ ಹಸಿರು ನೀರಿಗೆ ದೋಟಿಯವರ ಚೊಗರು ಸೇರಿದರೆ? ಚೊಗರಿನಲ್ಲಿರುವ ಒಗರಿನ ಅಂಶ ಟ್ಯಾನಿನ್ನೂ ಕಬ್ಬಿಣವೂ ಸೇರಿದರೆ ಮಸಿ. ಒಂದು ಮೇಜಿನ ಕೊಳೆ ಮುಂದಿನ ಮೇಜಿನ ಸಾಮಾನು! ಕತ್ತಿ, ಟಬ್ಬು, ಮಸಿ, ಮೂರು ಮೇಜು ಸಾಲಾಗಿ. ನಾನು ತೊಳೆಯಬೇಕಾದದ್ದೇ ಪ್ರದರ್ಶನಕ್ಕೆ ಕೂರುತ್ತದೆ.

ದುರ್ಗದ ಮೇಷ್ಟರಿಗೆ: ಬಳೆಗಳನ್ನು ಖಂಡಿತ ಕಿಟಕಿಗೆ ಕಟ್ಟುತ್ತೇನೆ, ಅದಿರಿನ ತುಣುಕನ್ನು ಕತ್ತಿಯ ಪಕ್ಕದಲ್ಲೇ ಇಡುತ್ತೇನೆ. ಫ್ಲೋರೈಡ್ ಮಾತ್ರ ನನ್ನ ಕೈಯಲ್ಲಿ ಬೇಡ. ಬಣ್ಣ ನೋಡಿ ಅಂದಾಜಿನಲ್ಲಿ ನಾನೊಂದು ಅಂಕಿ ಹೇಳುವುದು, ಅವರು ಹೋಗಿ ಊರೆಲ್ಲ ಹೇಳುವುದು, ಬಾವಿ ಸರಿಯಿದ್ದರೂ ಬಿಡುವುದು, ಕೆಟ್ಟಿದ್ದರೂ ಕುಡಿಯುವುದು, ಎರಡೂ ಆದೀತು. ನೀರಿನ ಅಧಿಕೃತ ಪರೀಕ್ಷೆ ಮಾಡುವವರು ತಿಂಗಳಿಗೊಂದು ದಿನ ಬಂದು ಕೂತರೆ ಮೇಜು ಹಾಕಿಕೊಡುತ್ತೇನೆ. ಪರಮಾಣು ತೋರಿಸುವ ಬಗೆ ಮಾತ್ರ ನನಗೆ ಗೊತ್ತಿಲ್ಲ. ಬಣ್ಣ ಬಣ್ಣದ ಚೆಂಡುಗಳನ್ನು ಕಡ್ಡಿಗೆ ಚುಚ್ಚಿ ಇಡುವುದು ನನಗೆ ಸೇರದು. ನಮ್ಮ ಕಾಲೇಜಿನ ಬೀರುವಿನಲ್ಲಿ ಅವು ಹಲ್ಲು ಬಿದ್ದ ಬಾಯಿಯಂತೆ ಇದ್ದವು.

ಏಳುಸುತ್ತಿನವನು, ಚಿತ್ರದುರ್ಗ
ಸೋಮವಾರ, ಬೆಳಿಗ್ಗೆ 6:15

ಟಬ್ಬಿನ ಯೋಚನೆಗೆ ಶರಣು. ಇನ್ನು ಪರಮಾಣು ನಿಮ್ಮ ಟಬ್ಬಿನೊಳಗೇ ಇದೆ, ತೂಗಿ ತೆಗೆಯಿರಿ.

ಕಬ್ಬಿಣದ ಒಂದು ಪರಮಾಣು ಎದ್ದು ನೀರಿಗೆ ಹೋದರೆ ಅದರ ಜಾಗಕ್ಕೆ ತಾಮ್ರದ ಒಂದು ಪರಮಾಣು ಬಂದು ಕೂರುತ್ತದೆ. ಒಂದಕ್ಕೆ ಒಂದು, ಸಾಲ ಇಲ್ಲ. ಆದರೆ ಬಂದವನು ಹೋದವನಿಗಿಂತ ಭಾರ: 56 ಗ್ರಾಂ ಕಬ್ಬಿಣ ಹೋದರೆ ಸುಮಾರು 64 ಗ್ರಾಂ ತಾಮ್ರ ಬರುತ್ತದೆ. ಮೊಳೆಯನ್ನು ಅದ್ದುವ ಮೊದಲು ತೂಗಿ, ಅದ್ದಿ ಒಣಗಿಸಿ ತೂಗಿ. ತೂಕ ಹೆಚ್ಚಿರಬೇಕು. ಕಾಣದ್ದನ್ನು ತಕ್ಕಡಿ ಕಂಡಿತು.

ಬಾಟಲಿ ತೊಳೆದವನು, ದಾವಣಗೆರೆ
ಸೋಮವಾರ, ಬೆಳಿಗ್ಗೆ 7:00

ಕಾಗದದ ಮೇಲೆ ಹೆಚ್ಚುತ್ತದೆ ಮೇಷ್ಟರೇ, ಬೆಂಚಿನ ಮೇಲೆ ಕಡಿಮೆಯಾಗುತ್ತದೆ. ತಾಮ್ರ ಮೊಳೆಗೆ ಗಟ್ಟಿಯಾಗಿ ಅಂಟುವುದಿಲ್ಲ, ಕೆಂಪು ಹುಡಿಯಾಗಿ ಉದುರುತ್ತದೆ. ನಿಮ್ಮ ವಿದ್ಯಾರ್ಥಿಗಳು ಬರೆದುಕೊಟ್ಟ ತೂಕವೆಲ್ಲ ಸರಿಯಾಗಿ ಬಂದಿದ್ದರೆ ಅದು ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ಬರೆದದ್ದು. ಆ ರೆಕಾರ್ಡುಗಳನ್ನು ಬೀರುವಿನಲ್ಲಿ ಜೋಡಿಸುತ್ತಿದ್ದವರು ನಮ್ಮಂಥವರೇ. ಉದುರಿದ ಹುಡಿಯನ್ನೂ ಕೂಡಿಸಿ ತೂಗಬೇಕು. ನೋಡೋಣ, ಒಂದು ವಾರ ಕೊಡಿ.

ಬಾಟಲಿ ತೊಳೆದವನು, ದಾವಣಗೆರೆ
ಮುಂದಿನ ಭಾನುವಾರ, ಸಂಜೆ 6:30

ಆಗಿದ್ದು ಇದು.

ತೂಗಿದ 50 ಗ್ರಾಂ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ, ಬಡಗಿಯೊಬ್ಬರು ಕೊಟ್ಟ ಹಳೆಯ ಮೊಳೆಗಳನ್ನು ಮರಳುಕಾಗದದಿಂದ ಉಜ್ಜಿ, ತೂಗಿ, ಹಾಕಿದೆ. ಮೊದಲ ಸಂಜೆಯೇ ಮೊಳೆಗಳು ಕೆಂಪು ಕಂಬಳಿ ಹೊದ್ದಿದ್ದವು. ಮೂರನೆಯ ದಿನ ನೀಲಿ ಪೂರ್ತಿ ಹೋಗಿ ಎಳನೀರಿಗೆ ಹಸಿರು ಬೆರೆಸಿದ ಹಾಗಾಯಿತು. ಹುಡಿಯನ್ನು ಉದುರಿಸಿ, ಬಟ್ಟೆಯಲ್ಲಿ ಸೋಸಿ, ತೊಳೆದು, ನೆರಳಿನಲ್ಲಿ ಒಣಗಿಸಿ, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. ಅವರು ಚಿನ್ನವೇ ಬಂತೆಂದು ಒಂದು ಕ್ಷಣ ಹುಬ್ಬೇರಿಸಿದರು. ಮೇಷ್ಟರ ಲೆಕ್ಕದಲ್ಲಿ 12.7 ಗ್ರಾಂ ತಾಮ್ರ ಬರಬೇಕು. ನನಗೆ ಸಿಕ್ಕದ್ದು 11.4. ಮೊಳೆಗಳು ಕಳೆದುಕೊಂಡದ್ದು 11.2 ಆಗಬೇಕಿತ್ತು, ಆದದ್ದು 11.9. ಉಳಿದ ತಾಮ್ರ ಬಟ್ಟೆಯ ಎಳೆಗಳಲ್ಲಿದೆ, ಹೆಚ್ಚಿಗೆ ಹೋದ ಕಬ್ಬಿಣ ತುಕ್ಕಾಗಿ ಹೋಗಿದೆ. ಲೆಕ್ಕವನ್ನೂ ಸಿಕ್ಕದ್ದನ್ನೂ ಎರಡನ್ನೂ ಹಲಗೆಯ ಮೇಲೆ ಬರೆಯುತ್ತೇನೆ. ಮೊಮ್ಮಗ ಒಪ್ಪಲಿಲ್ಲ, "ಸರಿಯಾದದ್ದನ್ನು ಮಾತ್ರ ಬರೆಯಿರಿ ತಾತ" ಎಂದ. ಅವನ ಶಾಲೆಯಲ್ಲಿ ಹಾಗೆಯೇ ಹೇಳಿಕೊಟ್ಟಿರಬೇಕು.

ಮೈಲುತುತ್ತದ ಪಾತ್ರೆ ಮಕ್ಕಳ ಕೈಗೆ ಎಟುಕದ ಹಾಗೆ ಗಾಜಿನ ಆಚೆ. ಕೈಗವಸು ಹಾಕಿಕೊಂಡು ಅದ್ದುವವನು ನಾನು. 'ಸುಣ್ಣ ಸಾಕೇ, ಬೇಕೇ' ಎಂದು ಅಲಗು ನೋಡಿ ಹೇಳುವವರು ಅವರು. ತಪ್ಪು ಗೊತ್ತಾದವರು ನಿಲ್ಲುತ್ತಾರೆ ಎಂದು ಹರಿಹರದವರು ಹೇಳಿದ ಮಾತು ಇಲ್ಲಿಯೂ ನಿಜವಾಯಿತು. ಪರೀಕ್ಷೆಗೆಂದು ಕರೆದಿದ್ದ ಅಕ್ಕಪಕ್ಕದ ಹತ್ತು ಜನರಲ್ಲಿ, ತೋಟ ಇರುವ ಒಬ್ಬರು ಗಾಜಿನ ಆಚೆಯಿಂದಲೇ ನನಗೆ "ಅಲಗು ಉಜ್ಜದೆ ಅದ್ದಿದರೆ ಏನು ಗೊತ್ತಾಗುತ್ತದೆ?" ಎಂದು ಗದರಿದರು. ಬೇಕೆಂದೇ ಉಜ್ಜದೆ ಅದ್ದಿದ್ದೆ.

ಮಸಿಯ ಮೇಜಿಗೆ ಬಂದರೆ, ಚೊಗರು ಗಾಢವಾಗಿ ಬಂದಿತ್ತು, ತೆಳ್ಳಗೆ ಮಾಡಿಕೊಂಡೆ. ಹಸಿರು ನೀರಿನ ನಾಲ್ಕು ಹನಿ, ಚೊಗರಿನ ನಾಲ್ಕು ಹನಿ. ಕಡ್ಡಿಯಿಂದ ಬಿಳಿ ಕಾಗದದ ಮೇಲೆ ಹೆಸರು ಬರೆದರೆ ಮೊದಲಿಗೆ ಮಾಸಲು, ಹೊಗೆಯ ಬಣ್ಣ. "ಇಷ್ಟೇನೇ?" ಎಂದು ಮುಖ ಸಣ್ಣದು ಮಾಡುತ್ತಾರೆ. ಗಾಳಿಯ ಆಮ್ಲಜನಕ ತಗುಲಿ ಕಬ್ಬಿಣ ಫೆರಸ್‌ನಿಂದ ಫೆರಿಕ್ ಎಂಬ ಇನ್ನೊಂದು ಮೆಟ್ಟಿಲು ಏರುತ್ತಿದ್ದಂತೆ ಅಕ್ಷರ ಕಪ್ಪಾಗುತ್ತ ಹೋಗುತ್ತದೆ. ಎದುರುಮನೆಯ ಹುಡುಗಿ ಬರೆದುಕೊಂಡು ಹೋದವಳು ಮರುದಿನ ಬೆಳಿಗ್ಗೆ ಕಾಗದ ಹಿಡಿದು ಓಡಿ ಬಂದು, "ರಾತ್ರಿ ಯಾರೋ ಇದನ್ನು ತಿದ್ದಿದ್ದಾರೆ" ಎಂದಳು. ಯಾರು ಎಂದು ಅವಳೇ ಕಂಡುಹಿಡಿಯಲಿ ಎಂದು ಇನ್ನೂ ಹೇಳಿಲ್ಲ. ಒಂದು ಕಾಗದವನ್ನು ಗಾಳಿಯಾಡದ ಡಬ್ಬಿಯಲ್ಲಿಡುವ ಯೋಚನೆ ಅವಳದೇ.

ಮಂಡಕ್ಕಿ ಬಾಣಲೆ ಭೌತಶಾಸ್ತ್ರದ ಕೋಣೆಗೆ ಹೋಯಿತು, ಅಲ್ಲಿ ಈಗ ಲೋಲಕವನ್ನು ಯಾರೂ ನೋಡುತ್ತಿಲ್ಲ. ಆರತಿ ತಟ್ಟೆಯ ಮೇಜು ಬಾಗಿಲಿನ ಪಕ್ಕದಲ್ಲಿದೆ. ಅದರ ಫಲಕಕ್ಕೆ ಮೇಷ್ಟರು 'ಆಮ್ಲ-ಕ್ಷಾರ ಸೂಚಕ' ಎಂದು ಬರೆಯಲು ಹೇಳಿದ್ದಾರೆ, ನಾನು 'ಅಜ್ಜಿಯ ಆರತಿ' ಎಂದು ಬರೆಸಿ ಆಗಿದೆ. ಹೈಡ್ರೋಜನ್ನಿನ ಮಾತು ಫಲಕದ ಹಿಂಬದಿಯಲ್ಲಿದೆ, ತಿರುಗಿಸಿದವರಿಗೆ. ಅಜ್ಜಿಗೂ ಹೇಳಿ ಕಳಿಸಿದ್ದೆ. ವಾರಕ್ಕೆ ಎರಡು ಮಧ್ಯಾಹ್ನ ಬಂದು ಕೂರುತ್ತಾಳಂತೆ, ಸುಣ್ಣ ಮಾತ್ರ ತನ್ನ ಮನೆಯದೇ ತರುತ್ತಾಳಂತೆ, ನನ್ನದರ ಮೇಲೆ ಅವಳಿಗೆ ನಂಬಿಕೆ ಇಲ್ಲ.

ಬಾಗಿಲು ತೆರೆಯುವುದು ಬರುವ ತಿಂಗಳ ಮೊದಲ ಭಾನುವಾರ. ಬರುವವರು ಹಾರ ತರಬೇಡಿ, ಹಳೆಯ ಮೊಳೆಗಳಿದ್ದರೆ ತನ್ನಿ. ತುಕ್ಕು ಹಿಡಿದದ್ದಾದರೂ ಪರವಾಗಿಲ್ಲ, ಉಜ್ಜುವವನು ನಾನಿದ್ದೇನೆ.